ಜೇನುಸಾಕಣೆಯ ಕಪಾಟು

ಅಪ್ಪನ ಕೋಟಿನ ಜೇಬುಗಳನ್ನು ಮಗಳು ಒಂದೊಂದಾಗಿ ತಡಕಾಡುತ್ತಿದ್ದಳು. ಸ್ಮಶಾನದ ಕಚೇರಿಯವರಿಗೆ ಅವನ ಗುರುತಿನ ಚೀಟಿ ಬೇಕಂತೆ. ಅದು ಸಿಕ್ಕಿತು, ಜೊತೆಗೆ ಕಾರ್ಡಿನ ತುಂಡುಗಳ ಒಂದು ಕಂತೆಯೂ ಸಿಕ್ಕಿತು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಬೇಡವಾದ ಹಳೆಯ ಸೂಚಿ ಕಾರ್ಡುಗಳನ್ನು ಅರ್ಧಕ್ಕೆ ಕತ್ತರಿಸಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದ ಮಹಾರಾಯ.

"ಸತ್ತ ಮೇಲೂ ಆ ಲೈಬ್ರರಿ ಇವನನ್ನ ಬಿಡಲ್ಲ ನೋಡು," ಸೋದರತ್ತೆ ಮೂಗೊರೆಸಿಕೊಂಡಳು. "ಮೂವತ್ತೊಂದು ವರ್ಷ ಪುಸ್ತಕ ಎತ್ತಿ ಇಟ್ಟು ಏನು ಸುಖ ಕಂಡ? ನೀನಾದ್ರೂ ಅಲ್ಲಿಗೆ ಹೋಗಬೇಡ ಕಣೇ."

ಅದೇ ಗ್ರಂಥಾಲಯದಿಂದ ಮಗಳಿಗೂ ನೇಮಕದ ಪತ್ರ ಬಂದಿತ್ತು. ಉತ್ತರ ಕೊಡಲು ನಾಳೆಯೇ ಕೊನೆಯ ದಿನ. ಒಲ್ಲೆ ಎಂದು ಬರೆದ ಕಾಗದ ಆಗಲೇ ಅವಳ ಚೀಲದಲ್ಲಿತ್ತು. ಕಾರ್ಡಿನ ಕಂತೆಯನ್ನೂ ಅದರ ಪಕ್ಕಕ್ಕೇ ಹಾಕಿಕೊಂಡಳು.

*

ಹಿಂದೊಂದು ಸಂಜೆ ಅಪ್ಪ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ.

"ಅಪ್ಪಾ, ನಿನಗೆ ಆ ಕೆಲಸ ಇಷ್ಟಾನಾ?"

"ಕಾಲು ನೋಯುತ್ತೆ ಕಣೇ," ಎಂದು ನಕ್ಕುಬಿಟ್ಟ.

ನಗುವನ್ನು ಬಿಟ್ಟು ಕಾಲುನೋವನ್ನಷ್ಟೇ ಅವಳು ಉತ್ತರವೆಂದುಕೊಂಡಳು.

*

ಮಣ್ಣು ಮಾಡಿ ಹೊರಬರುವಾಗ ಒಬ್ಬ ಡಾಕ್ಟರಮ್ಮ ಅವಳ ಕೈ ಹಿಡಿದರು.

"ನಿಮ್ಮಪ್ಪನ ಕೈಗೆ ನಾನು ಸಿಕ್ಕಿಬಿದ್ದಿದ್ದೆ, ಗೊತ್ತಾ? ಪರೀಕ್ಷೆ ಹತ್ತಿರ ಬಂದಿತ್ತು. ಲೈಬ್ರರೀಲಿ ನಮಗೆ ಬೇಕಾದ ಪುಸ್ತಕ ಇದ್ದಿದ್ದು ಒಂದೇ. ಬೇರೆ ಯಾರಿಗೂ ಸಿಗಬಾರದು ಅಂತ ಯಾರೂ ಮುಟ್ಟದ ಜೇನುಸಾಕಣೆ ಕಪಾಟಲ್ಲಿ ಬಚ್ಚಿಟ್ಟೆ. ಮಾರನೇ ದಿನ ನೋಡಿದ್ರೆ ಒಳಗೊಂದು ಹಳೇ ಕಾರ್ಡಿನ ಚೀಟಿ! 'ಸಿಕ್ಕಿಬಿದ್ದೆಯಾ! ನಾಳೆ ಸಂಜೆವರೆಗೆ ನಿನ್ನದು. ಆಮೇಲೆ ಕಿಟಕಿ ಹತ್ತಿರ ಕೂರುವವನಿಗೂ ಬೇಕು.' ನಾಚಿಕೆಯಿಂದ ಸತ್ತೇಹೋದೆ."

"ಆಮೇಲೆ?"

"ಆಮೇಲೇನು, ಆ ಕಿಟಕಿ ಹತ್ತಿರದವರೂ ನಾನೂ ಸೇರಿ ಓದಿದ್ವಿ. ಅವರೇ ಈಗ ನಮ್ಮ ಯಜಮಾನರು!"

ಪಕ್ಕದಲ್ಲಿದ್ದ, ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಕಟ್ಟುವ ಮುದಿ ಬೈಂಡರ್ ಅಳುತ್ತಲೇ ನಕ್ಕ. "ಬಡ್ತಿ ಕೊಟ್ಟು ಅವನನ್ನ ಆಫೀಸಿಗೆ ಕರೆದರಮ್ಮ, ಎರಡು ಸಲ. 'ನಾನಲ್ಲಿ ಕೂತರೆ ಈ ಕಳ್ಳರನ್ನ ಹಿಡಿಯೋರ್ಯಾರು?' ಅಂದ. ಹೋಗಲೇ ಇಲ್ಲ, ಪುಣ್ಯಾತ್ಮ."

ಅಯ್ಯೋ, ಇಷ್ಟು ವರ್ಷ ಅಪ್ಪನಿಗಾಗಿ ಸುಮ್ಮನೆ ಮರುಗಿದೆನಲ್ಲ ಎಂದುಕೊಂಡಳು ಮಗಳು.

ಅಪ್ಪನ ಸಾಮಾನು ತರಲೆಂದು ಬೈಂಡರನ ಜೊತೆ ಗ್ರಂಥಾಲಯಕ್ಕೆ ಹೋದಳು. ಕಾಲುಗಳು ತಾವಾಗಿಯೇ ಜೇನುಸಾಕಣೆಯ ಕಪಾಟಿನತ್ತ ನಡೆದವು. ಅಲ್ಲಿ, ಜೇನುಗೂಡಿನ ಪುಸ್ತಕಗಳ ಹಿಂದೆ, ದಪ್ಪನೆಯ ಕಾನೂನಿನ ಪುಸ್ತಕವೊಂದು ಅಡಗಿ ಕೂತಿತ್ತು. ಮೂಲೆಯ ಮೇಜಿನಿಂದ ಹುಡುಗಿಯೊಬ್ಬಳು ಉಸಿರು ಬಿಗಿಹಿಡಿದು ಇವಳನ್ನೇ ನೋಡುತ್ತಿದ್ದಳು.

ಮಗಳು ಚೀಲಕ್ಕೆ ಕೈಹಾಕಿದಳು. ಒಲ್ಲೆ ಎಂದು ಬರೆದ ಕಾಗದವನ್ನು ನಾಲ್ಕಾಗಿ ಮಡಚಿ ಅಪ್ಪನ ಕಾರ್ಡಿನ ತುಂಡೊಂದರ ಅಡಿಗೆ ಇಟ್ಟುಕೊಂಡು, ಕಾರ್ಡಿನ ಮೇಲೆ ಬರೆದಳು: 'ಸಿಕ್ಕಿಬಿದ್ದೆಯಾ! ನಾಳೆ ಸಂಜೆವರೆಗೆ ನಿನ್ನದು. ಆಮೇಲೆ ನಾನೇ ಬಂದು ತೆಗೀತೀನಿ.'

ಚೀಟಿಯನ್ನು ತುದಿ ಕಾಣುವಂತೆ ಒಳಗಿಟ್ಟು, ಕಾನೂನಿನ ಪುಸ್ತಕವನ್ನು ಮತ್ತೆ ಜೇನುಗೂಡುಗಳ ಹಿಂದಕ್ಕೇ ತೂರಿಸಿದಳು.