ನಾಲ್ಕನೆಯ ಮೂಲೆ

ಮಿದುಳಿನ ವಿಷಯ ಬರೆಯುವಷ್ಟು ಓದಿಕೊಂಡವನು ನಾನಲ್ಲ. ತಪ್ಪಿದ್ದರೆ ತಿಳಿದವರು ಕ್ಷಮಿಸಬೇಕು.

ಪಾವ್ಲು ತನ್ನ ಅಕ್ಕ ಸೋನುಬಾಯಿಯ ಶವಪೆಟ್ಟಿಗೆಯಿಂದ ಕೌದಿಯನ್ನು ಎಳೆಯುತ್ತಿದ್ದ. ಅವಳ ಮಗಳು ಸಿಲ್ವಿಯಾ ಇನ್ನೊಂದು ತುದಿ ಹಿಡಿದು ಬಿಡಲೊಲ್ಲಳು.

"ಮೂರ ಮೂಲಿಗೆ ಹೂವ ಐತಿ, ನಾಕನೇದು ಬೋಳು. ಇಂಥಾದ್ದು ಹೊದಿಸಿ ಕಳಸೂದೇನು ಅಕ್ಕನ್ನ?" ಎಂದ ಪಾವ್ಲು.

ತೇರಗಾಂವದ ಆ ಸಿದ್ದಿ ಕೇರಿಯಲ್ಲಿ, ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂವು ಕೂಡಿಸದ ಕೌದಿಯನ್ನು ಯಾರೂ ಯಾರಿಗೂ ಹೊದಿಸುವುದಿಲ್ಲ. ಆ ರೂಢಿಯನ್ನು ಹುಡುಗಿಯರಿಗೆ ಬೈದು ಕಲಿಸಿದವಳೇ ಸೋನುಬಾಯಿ.

"ಹಂಗ ಹೋಗ್ಲಿ ಬಿಡೋ, ಮ್ಯಾಲ ಹೋಗಿ ದೇವರ ಕೈಲೆ ಸೂಜಿ ಪೋಣಿಸಿಕೊಂತಾಳ," ಎಂದಳು ನೆರೆಮನೆಯ ಗೋದುಬಾಯಿ. ಅಳುತ್ತಿದ್ದವರೂ ನಕ್ಕರು.

*

ಮೂರು ವರ್ಷದ ಹಿಂದೆ, ೨೦೦೩ರ ಸುಗ್ಗಿಯಲ್ಲಿ, ಸೋನುಬಾಯಿಯ ಮಿದುಳಿನಲ್ಲಿ ರಕ್ತನಾಳ ಒಡೆದು ಬಲಗೈ ಬಿದ್ದುಹೋಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸಂಶೋಧನೆಗೆಂದು ಅವಳ ರಕ್ತ ಪಡೆದಿದ್ದ ಡಾಕ್ಟರು, ವಂಶದಿಂದ ಬರುವ ಒಂದು ಗುಣ ಅದರಲ್ಲಿದೆ, ಅದಿದ್ದವರು ಚೇತರಿಸಿಕೊಳ್ಳುವುದು ನಿಧಾನವಾಗಬಹುದು, ಮಕ್ಕಳಿಗೂ ಅದು ಬಂದಿರಬಹುದು, ಆದರೆ ಯಾವುದೂ ಖಚಿತವಲ್ಲ ಎಂದಿದ್ದರು. ಪಾವ್ಲು ಅದನ್ನು ತೀರ್ಪೆಂದೇ ತಿಳಿದ. ನೋಡಿ ಕೊರಗದಿರಲೆಂದು ಅಕ್ಕನ ಸೂಜಿಡಬ್ಬಿಯನ್ನು ಗೋದುಬಾಯಿಗೆ ಕೊಟ್ಟುಬಿಟ್ಟ.

ಸೋನುಬಾಯಿ ಸೊಟ್ಟಬಾಯಲ್ಲೇ ಕೇಳಿದಳು: "ರಕ್ತ ನಂದು. ಅದಕ್ಕೇನ ಮಾಡಾಕ ಬರತೈತಿ ಅಂತ ನಿನಗ ಯಾರ ಹೇಳಿದ್ರು? ಡಬ್ಬಿ ತಾ."

ಡಬ್ಬಿ ಮರಳಿ ಬಂತು; ಬಲಗೈ ಕಡೆಗೂ ಬರಲಿಲ್ಲ. ಬಟ್ಟೆಯನ್ನು ಮೊಣಕಾಲಿನಿಂದ ಅದುಮಿ, ಎಡಗೈಯಿಂದ ಹೊಲಿದಳು. ಹಿಂದೆ ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತಿದ್ದ ಕೌದಿಗೆ ಮೂರು ವರ್ಷ ಹಿಡಿಯಿತು. ಮೊನ್ನೆ ಮತ್ತೆ ರಕ್ತನಾಳ ಒಡೆದಾಗ ಉಳಿದದ್ದು ಒಂದೇ ಮೂಲೆ.

*

ಪಾದ್ರಿಗಳು ಬಂದು ಅಂಗಳದಲ್ಲಿ ನಿಂತರು. ಸಿಲ್ವಿಯಾ ಡಬ್ಬಿ ತೆರೆದು ಪೆಟ್ಟಿಗೆಯ ಪಕ್ಕದಲ್ಲೇ ಕುಳಿತಳು. ತುಂಡುಬಟ್ಟೆಯನ್ನು ಮಡಚಿ, ಸೂಜಿಯನ್ನು ಎಡಗೈಗೆ ತೆಗೆದುಕೊಂಡಳು.

"ಬಲಗೈ ಚಲೋ ಐತೆಲ್ಲ ನಿಂದು?" ಎಂದ ಪಾವ್ಲು.

"ಐತಿ ಮಾಮಾ. ಇದಕ್ಕೂ ರೂಢಿ ಇರ್ಲಿ."

ಪಾವ್ಲು ಎದುರಿಗೆ ಕುಳಿತು, ಬಟ್ಟೆ ಸರಿಯದಂತೆ ಎರಡೂ ಕೈಯಿಂದ ಹಿಡಿದ. ಹೊಲಿಗೆ ಸೊಟ್ಟಗೆ ಹೋಯಿತು. ಸೂಜಿ ಅವಳ ಬೆರಳಿಗೆ ಚುಚ್ಚಿ ಬಿಳಿಯ ಮಡಿಕೆಯ ಮೇಲೆ ರಕ್ತದ ಚುಕ್ಕೆ ಬಿತ್ತು. ಸಿಲ್ವಿಯಾ ಅದನ್ನು ಒರೆಸದೆ ಅದರ ಮೇಲೇ ಮುಂದಿನ ಹೊಲಿಗೆ ಹಾಕಿದಳು.

ಆ ಗುಣ ಅವಳಲ್ಲೂ ಇದೆಯೋ ಇಲ್ಲವೋ, ತಾಯಿಯ ಕೈ ಬಾರದ್ದು ಅದರಿಂದಲೇ ಹೌದೋ ಅಲ್ಲವೋ, ನನಗೆ ಗೊತ್ತಿಲ್ಲ.