ಶಾಮಲಮ್ಮ ಕೊಟ್ಟ ಬೆನ್ನಿನ ನೀರು

ಬೈರಕೂರಿನ ನರಸಿಂಹಪ್ಪನ ಬಲಗೈ ನಡುಗತೊಡಗಿದಾಗ, ಕುಡಿಯೋಕೆ ಶುರು ಮಾಡಿದ್ದಾನೆ ಅಂತ ಊರಲ್ಲಿ ಕೆಲವರು ಆಡಿಕೊಂಡರು. ಮಾವಿಗೆ ಕಸಿ ಕಟ್ಟುವುದರಲ್ಲಿ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಾದ ಕೈ ಅದು. ಹೆಂಡತಿ ಶಾಮಲಮ್ಮನಿಗೆ ಮಾತ್ರ ಇದು ಕುಡಿತವಲ್ಲ, ಏನೋ ಕಾಯಿಲೆ ಅಂತ ಮೊದಲಿನಿಂದಲೇ ಅನುಮಾನ. ಒಗ್ಗರಣೆ ಸೀದು ಮನೆಯೆಲ್ಲ ಹೊಗೆಯಾದರೂ ಗಂಡನ ಮೂಗಿಗೆ ತಿಳಿಯುತ್ತಿರಲಿಲ್ಲ.

ನರಸಾಪುರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗಳು ಶ್ರೀವಾಣಿ ರಜೆ ಹಾಕಿ ಇಬ್ಬರನ್ನೂ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಪಾರ್ಕಿನ್ಸನ್, ನಡುಕದ ಕಾಯಿಲೆ ಅಂದರು. ಮಾತ್ರೆ ನುಂಗಿದ ಮೇಲೆ ನಡಿಗೆ ಸಲೀಸಾಯಿತು, ಕಸಿ ಕಟ್ಟುವಷ್ಟು ಕೈ ನಿಲ್ಲಲಿಲ್ಲ.

ಮುಂದಿನ ಸಲ ಹೋದಾಗ ಡಾಕ್ಟರ್ ಅನಿತ ಒಂದು ಸಂಶೋಧನೆಯ ವಿಷಯ ತೆಗೆದರು.

"ಮಿದುಳಲ್ಲಿ ಕಾವಲು ಕಾಯೋ ಜೀವಕೋಶ ಇರ್ತವಮ್ಮ. ಕಸ ತೆಗೀತವೆ, ರೋಗ ಬಂದ್ರೆ ಎದುರು ನಿಲ್ತವೆ. ಈ ಕಾಯಿಲೇಲಿ ಅವು ರೇಗಿದ್ದು ಇಳಿಯೋದೇ ಇಲ್ಲ. ಉರಿಯೂತ ಉಳ್ಕೊಂಡು ಒಳ್ಳೆ ನರಕೋಶಗಳಿಗೂ ಪೆಟ್ಟು ಬೀಳುತ್ತೆ. ರಕ್ತದಲ್ಲಿರೋ ರಕ್ಷಣಾ ಕೋಶಗಳೂ ಜೊತೆ ಸೇರ್ತವೆ ಅಂತ ಕಾಣುತ್ತೆ. ಉರಿಯೂತದಿಂದ ಕಾಯಿಲೆಯೋ, ಕಾಯಿಲೆಯಿಂದ ಉರಿಯೂತವೋ, ಇನ್ನೂ ಪೂರ್ತಿ ಗೊತ್ತಿಲ್ಲ."

ಅದನ್ನು ಪತ್ತೆ ಮಾಡೋಕೆ ನರಸಿಂಹಪ್ಪನ ರಕ್ತ ಬೇಕು, ಬೆನ್ನುಹುರಿಯ ಸುತ್ತ ಇರೋ ಬೆನ್ನಿನ ನೀರು ಬೇಕು. ಹೋಲಿಸಿ ನೋಡೋಕೆ ಕಾಯಿಲೆ ಇಲ್ಲದವರದ್ದೂ ಬೇಕು.

"ನೀವಿಬ್ರೂ ಒಂದೇ ಬಾವಿ ನೀರು ಕುಡಿದಿದ್ದೀರ, ಒಂದೇ ತೋಟಕ್ಕೆ ಔಷಧಿ ಹೊಡೆದಿದ್ದೀರ. ಅವರಿಗೆ ಬಂತು, ನಿಮಗೆ ಬರ್ಲಿಲ್ಲ. ನೀವು ಕೊಟ್ರೆ ತುಂಬಾ ಉಪಯೋಗ."

"ಇದ್ರಿಂದ ಇವರಿಗೆ ವಾಸಿ ಆಗುತ್ತಾ?" ಶಾಮಲಮ್ಮ ಕೇಳಿದಳು.

"ಇಲ್ಲಮ್ಮ. ಮುಂದೆ ಬರೋರಿಗೆ ಆಗ್ಬೋದು. ಅದೂ ಖಂಡಿತ ಅಂತ ಹೇಳಲಾರೆ."

ಯೋಚನೆ ಮಾಡಿ ಹೇಳ್ತೀನಿ ಅಂತ ಹೊರಗೆ ಬಂದಳು. ಬೆಂಚಿನ ಮೇಲೆ ಇನ್ನೂ ತಲೆ ನರೆಯದ ಒಬ್ಬ ಗಂಡಸು ಕೂತಿದ್ದ. ಅವನ ಅಂಗಿ ಗುಂಡಿಯನ್ನು ಹೆಂಡತಿ ಹಾಕುತ್ತಿದ್ದಳು. ಆ ವಯಸ್ಸಿಗೆ ತಾನೂ ಗಂಡನೂ ಟೊಮೇಟೊ ಕ್ರೇಟು ಹೊತ್ತು ಓಡಾಡುತ್ತಿದ್ದವರು. ಬಸ್ಸು ಇಳಿಯುವಾಗ ಶಾಮಲಮ್ಮ, ನಾನೂ ಕೊಡ್ತೀನಿ ಅಂತ ಗಂಡನಿಗೆ ಹೇಳಿದಳು.

ಊರಲ್ಲಿ ಪಕ್ಕದ ಮನೆ ಆವಲಮ್ಮ ಹೆದರಿಸಿದಳು. "ಬೆನ್ನಲ್ಲಿ ನೀರು ತೆಗೆದ್ರೆ ಕಾಲು ಬಿದ್ದೋಗ್ತವಂತೆ ಕಣಕ್ಕಾ!"

ನರಸಿಂಹಪ್ಪನೂ ಬೇಡವೆಂದ. "ನಂದು ಹೇಗೂ ಹೋಗಿದೆ, ನಾನು ಕೊಡ್ತೀನಿ. ನೀನು ಯಾಕೆ? ಭಯ ಆಗಲ್ವಾ?"

"ಭಯಮಾ, ನಾಕಾ?" ನನಗಾ ಭಯ ಎಂದು ಮನೆಮಾತು ತೆಲುಗಿನಲ್ಲೇ ಗದರಿದಳು. ಆಮೇಲೆ ದನಿ ತಗ್ಗಿಸಿ, "ಆಗುತ್ತೆ. ಆದ್ರೂ ಕೊಡ್ತೀನಿ," ಅಂದಳು.

ನೀರು ತೆಗೆಯುವ ದಿನ ಅವಳು ಆಸ್ಪತ್ರೆಯ ಮಂಚದ ಮೇಲೆ ಮಗ್ಗುಲಾಗಿ, ಮೊಣಕಾಲನ್ನು ಹೊಟ್ಟೆಗೆ ಸೇರಿಸಿ ಮಲಗಿದಳು. ಅಲುಗಾಡಬಾರದು ಅಂತ ಡಾಕ್ಟರ್ ಹೇಳಿದ್ದೇ ತಡ, ಹೆಂಡತಿಯ ಕೈ ಹಿಡಿದಿದ್ದ ನರಸಿಂಹಪ್ಪ ತನ್ನ ನಡುಗುವ ಕೈ ಸರಕ್ಕನೆ ಎಳೆದುಕೊಂಡ. ಮುಖದ ಹತ್ತಿರ ಕೂತು, ಕಾಯಿಲೆಯಿಂದ ಸಣ್ಣಗಾಗಿಹೋಗಿದ್ದ ದನಿಯಲ್ಲೇ ಯಾವ ಗಿಡದಲ್ಲಿ ಹೂ ಬಂದಿದೆ, ಯಾವುದು ಈ ವರ್ಷ ಬರೀ ಚಿಗುರು ಹೊಡೆದಿದೆ ಅಂತ ಹೇಳುತ್ತಾ ಹೋದ. ಸೂಜಿ ಒಳಗಿಳಿದಾಗ ಶಾಮಲಮ್ಮ ಹಲ್ಲು ಕಚ್ಚಿದಳು, ಕದಲಲಿಲ್ಲ.

ಮನೆಗೆ ಬಂದ ಮೇಲೆ ತಲೆ ಸಿಡಿಯಿತು. ನರಸಿಂಹಪ್ಪ ಕಾಫಿ ಮಾಡಿ ತಂದ; ಅರ್ಧ ಹಾದಿಯಲ್ಲೇ ಚೆಲ್ಲಿತ್ತು. ಉಳಿದದ್ದನ್ನು ಅವಳು ಕುಡಿದು, "ಸಕ್ಕರೆ ಜಾಸ್ತಿ ಆಯ್ತು," ಅಂದಳು. ಎರಡು ದಿನಕ್ಕೆ ನೋವು ಇಳಿಯಿತು. ಕಾಲಿಗೆ ಏನೂ ಆಗಲಿಲ್ಲ. ಆವಲಮ್ಮ ಬಂದು ಕಣ್ಣಾರೆ ನೋಡಿಕೊಂಡು ಹೋದಳು.

ಮಳೆಗಾಲ ಕಳೆದ ಮೇಲೆ ಅನಿತ ಅವರ ತಂಡ ಇದೇ ಸಂಶೋಧನೆಗೆ ಕಾಯಿಲೆ ಇಲ್ಲದವರನ್ನು ಸೇರಿಸಿಕೊಳ್ಳೋಕೆ ಮುಳಬಾಗಿಲಿನಲ್ಲಿ ಶಿಬಿರ ಮಾಡಿತು. ಯಾರೂ ಬರಲಾರರು ಅಂತ ಅವರಿಗೆ ಅಳುಕಿತ್ತು. ಶಾಮಲಮ್ಮ ಬೈರಕೂರಿನಿಂದ ಆಟೋ ತುಂಬ ಜನ ಕರೆತಂದಳು. ಆವಲಮ್ಮನೂ ಇದ್ದಳು, ಸೆರಗು ಬಾಯಿಗೆ ಒತ್ತಿಕೊಂಡು.

"ಅಮ್ಮಾ, ಇವರಿಗೆ ಏನು ಹೇಳಿ ಕರ್ಕೊಂಡು ಬಂದ್ರಿ?" ಅನಿತ ಕೇಳಿದರು.

"ನೀವು ನಂಗೆ ಹೇಳಿದ್ದೇ. ನಮಗೇನೂ ಸಿಗಲ್ಲ, ಸೂಜಿ ನೋಯುತ್ತೆ, ತಲೆನೋವೂ ಬರ್ಬೋದು ಅಂತ. ಸುಳ್ಳು ಹೇಳಿ ಕರ್ಕೊಂಡು ಬರಕ್ಕಾಗುತ್ತಾ?"

ಅನಿತ ಅವಳ ಎರಡೂ ಕೈ ಹಿಡಿದುಕೊಂಡರು. ನರಸಿಂಹಪ್ಪ ಗೋಡೆಗೆ ಒರಗಿ ಹೆಂಡತಿಯನ್ನು, ಅವಳ ಹಿಂದೆ ನಿಂತ ಸಾಲನ್ನು ನೋಡುತ್ತಿದ್ದ. ಪಕ್ಕದಲ್ಲಿದ್ದವನ ಕಡೆ ತಿರುಗಿ, ಆದಷ್ಟು ದೊಡ್ಡ ದನಿ ಮಾಡಿ, "ನಮ್ಮನೆಯವಳು," ಅಂದ.