ಲೆಕ್ಕಕ್ಕೆ ಬಾರದ ಹಂದಿ

"ಏಯ್, ಆ ಹಂದೀನ ಹೊರಕ್ಕೆಳ್ಕಂಡು ಹೋಗೆ! ಇದು ಸರ್ಕಾರಿ ಸಭೇನೋ ನಿನ್ನ ಹಿತ್ಲೋ?" ಅಧಿಕಾರಿ ಫೆಲೆತಿ ಮೇಜು ಕುಟ್ಟಿದ.

"ಉಳಿತಾಯ ಏನೈತೋ ತಂದು ತೋರ್ಸಿ ಅಂತ ಸಾರಿದ್ಯಾರು ಸಾಮಿ? ತಂದಿವ್ನಿ, ನೋಡ್ಕಳಿ," ಎಂದಳು ಲೋಸಾ.

ಚರ್ಚಿನ ಹಜಾರದಲ್ಲಿ ಕುಳಿತವರೆಲ್ಲ ಕಿಸಕ್ಕನೆ ನಕ್ಕರು. ದ್ವೀಪದೇಶ ಟೋಂಗಾದ ಸರ್ಕಾರದ ಹೊಸ ಯೋಜನೆ ಅದು: ಮಳೆನೀರಿನ ತೊಟ್ಟಿಯ ಅರ್ಧ ಖರ್ಚನ್ನು ಬಡವರು ಉಳಿಸಿ ತೋರಿಸಿದರೆ, ಉಳಿದರ್ಧ ಸರ್ಕಾರದ್ದು. ಲೋಸಾಳಿಗೆ ತೊಟ್ಟಿಯಿಲ್ಲ. ಹನ್ನೊಂದು ವರ್ಷದಿಂದ ಊರ ಮುಖಂಡ ಹೇನೆಲಿಯ ತೊಟ್ಟಿಯೇ ಗತಿ. ಎರಡು ಬಕೀಟು ನೀರಿಗೆ ಅವನ ಗೆಣಸಿನ ಹೊಲದಲ್ಲಿ ಅರ್ಧ ದಿನ ಕಳೆ ಕೀಳಬೇಕು. ಅವಳ ಸೊಂಟ ಬಿದ್ದುಹೋಗಿತ್ತು.

"ಹಂದಿ ಉಳಿತಾಯ ಅಲ್ಲ. ನಾಳೆ ಸತ್ತೋಗುತ್ತೆ. ಬ್ಯಾಂಕ್ ಪುಸ್ತಕ ತೋರ್ಸು."

"ಬ್ಯಾಂಕಲ್ಲಿ ದುಡ್ಡಿಟ್ರೆ ವಾರಕ್ಕೊಬ್ಬ ನೆಂಟ ಬಂದು ಕೇಳ್ತಾನೆ. ಕೇಳ್ದೋರಿಗೆ ಇಲ್ಲ ಅನ್ನೋಕಾಯ್ತದಾ? ಹಂದಿ ಆದ್ರೆ ಸಾವಿಗೋ ಮದ್ವೆಗೋ ಮಾತ್ರ ಕೇಳ್ತಾರೆ. ಮೂರ್ವರ್ಷ ಕಾಯಿ ತಿನ್ಸಿ ಸಾಕಿವ್ನಿ. ನಿಮ್ಮ ಹೊಟ್ಟೆಗಿಂತ ದಪ್ಪ ಐತೆ!"

"ಮುಚ್ಚೆ ಬಾಯಿ, ಸಗಣಿ ತಲೆಯೋಳೆ!" ಫೆಲೆತಿ ಅವಳ ಅರ್ಜಿಯ ಮೇಲೆ 'ಆಸ್ತಿ: ಇಲ್ಲ' ಎಂದು ಗೀಚಿ ಪಕ್ಕಕ್ಕೆ ತಳ್ಳಿದ.

ಹಂದಿ ಹಿಡಿದು ಹೊರಟ ಲೋಸಾ ಇನ್ನೂ ಬಾಗಿಲು ಮುಟ್ಟಿರಲಿಲ್ಲ. ಹೇನೆಲಿ ಎದ್ದು ನಿಂತ.

"ನಿಂತ್ಕೊ ಲೋಸಾ. ನಾಳಿದ್ದು ಯೋಜನೆ ಉದ್ಘಾಟನೆಗೆ ಮಂತ್ರಿಗಳು ಬತ್ತಾರೆ. ಅವ್ರ ಮುಂದೆ ಊರಿನ ಅತಿ ದೊಡ್ಡ ಹಂದಿ ಇಡೋದು ಪದ್ಧತಿ. ಹಂದಿ ಬಿಟ್ಟೋಗು. ನಿನ್ನ ಅರ್ಜಿ ಆಮೇಲೆ ನೋಡಾನ."

"ಯಾವ ಹಂದಿ?"

"ಇದೇ ಕಣೆ!"

"ಎಲ್ಲೈತೆ? ಇಲ್ಲ ಅಂತ ಈಗ್ತಾನೆ ಬರೆದ್ರಲ್ಲ. ಇಲ್ದಿರೋ ಹಂದೀನ ಮಂತ್ರಿ ಹೆಂಗೆ ತಿಂತಾನೆ?"

ಹಜಾರ ಗೊಳ್ಳೆಂದಿತು. ಹೇನೆಲಿಯ ಕಿವಿ ಕೆಂಪಾಯಿತು. "ಹಂಗಾರೆ ನನ್ನ ತೊಟ್ಟಿ ಹತ್ರ ಸುಳೀಬ್ಯಾಡ. ಗಂಟ್ಲು ಒಣಗ್ಲಿ, ಆಗ ಗೊತ್ತಾಯ್ತದೆ!"

ನಗು ನಿಂತುಹೋಯಿತು.

ದೊಡ್ಡವರೆದುರು ನಡುವಿಗೆ ಚಾಪೆ ಸುತ್ತಿಕೊಳ್ಳದೆ ನಿಲ್ಲುವುದು ಅಲ್ಲಿ ಬೆತ್ತಲೆ ನಿಂತಂತೆ. ಲೋಸಾ ಮೇಜಿನ ಬಳಿಗೆ ಮರಳಿ, ಎಲ್ಲರೆದುರೇ ಸೊಂಟದ ಹಗ್ಗ ಬಿಚ್ಚಿ, ಚಾಪೆಯನ್ನು ಆ ಅರ್ಜಿಯ ಮೇಲೆ ಒಗೆದಳು.

"ಇದ್ನೂ ಬರ್ಕೊಳ್ಳಿ ಬೇವರ್ಸಿಗಳಾ. ಮರ್ವಾದೆ: ಇಲ್ಲ."

ಹಂದಿಯ ಹಗ್ಗ ಹಿಡಿದು ಮೆಟ್ಟಿಲಿಳಿದಳು. ಹಂದಿ ಹೊಸ್ತಿಲ ಮೇಲೊಂದು ಗುಡ್ಡೆ ಹಾಕಿ ಅವಳ ಹಿಂದೆ ಓಡಿತು.

ಉದ್ಘಾಟನೆಯ ದಿನ ಮಂತ್ರಿಗೆ ಡಬ್ಬಿ ಮಾಂಸ ಬಡಿಸಿದರು. ಹೇನೆಲಿ ತನ್ನ ತೊಟ್ಟಿಯ ನಲ್ಲಿಗೆ ಬೀಗ ಜಡಿದು, ಅವಳು ಬಂದು ಅಂಗಲಾಚಲೆಂದು ಜಗಲಿಯ ಮೇಲೆ ಕಾಯುತ್ತ ಕುಳಿತ.

ಲೋಸಾ ಬರಲಿಲ್ಲ; ದೂರದೂರಿನ ನೆಂಟರ ತೊಟ್ಟಿಯಿಂದ ನೀರು ಹೊತ್ತು ತಂದಳು. ಅವನ ಗೆಣಸಿನ ಹೊಲದಲ್ಲಿ ಕಳೆ ಈಗ ಸೊಂಟದುದ್ದ ಬೆಳೆದಿದೆ.